ಭಕ್ಷಕಕೋಶಗಳನ್ನು ಕಂಡ ಮೆಚ್ನಿಕಾಫ್

ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗವು ಕೆಂಪೇರಿ ಬಾತುಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕೀವು ತುಂಬಿದರೆ ಅಸಹ್ಯಪಡುತ್ತೇವೆ. ಆ ಕೀವಿನಲ್ಲಿ ನಮಗಾಗಿ ಹೋರಾಡಿ ಮಡಿದ ಸೈನಿಕರಿದ್ದಾರೆಂಬುದನ್ನು ಲೋಕಕ್ಕೆ ತಿಳಿಸಿಕೊಟ್ಟವನು ಈಲ್ಯಾ ಮೆಚ್ನಿಕಾಫ್.

ಅಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಉಕ್ರೇನಿನ ಖಾರ್ಕಿವ್ ನಗರದ ಬಳಿಯ ಹಳ್ಳಿಯೊಂದರಲ್ಲಿ 1845ರಲ್ಲಿ ಮೆಚ್ನಿಕಾಫ್ ಜನಿಸಿದನು. ವಿಶ್ವವಿದ್ಯಾನಿಲಯದ ನಾಲ್ಕು ವರ್ಷಗಳ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಮುಗಿಸಿದನು. 1869ರಲ್ಲಿ ಲುದ್ಮಿಲಾ ಎಂಬಾಕೆಯನ್ನು ವರಿಸಿದನು. ಕ್ಷಯರೋಗದಿಂದ ಬಳಲಿದ್ದ ವಧುವನ್ನು ಕುರ್ಚಿಯಲ್ಲಿ ಕುಳ್ಳಿರಿಸಿ ಚರ್ಚಿಗೆ ಹೊತ್ತು ತರಬೇಕಾಯಿತು. ನಾಲ್ಕು ವರ್ಷಗಳ ಶುಶ್ರೂಷೆಯೂ ಅವಳನ್ನು ಉಳಿಸಲಿಲ್ಲ. 1873ರಲ್ಲಿ ಅವಳು ತೀರಿಕೊಂಡಳು. ಬಾಳೇ ಬೇಡವೆನಿಸಿದ್ದ ಅವನನ್ನು ವಿಜ್ಞಾನದ ಒಲವು ಮತ್ತೆ ಬದುಕಿಗೆ ಎಳೆದು ತಂದಿತು.

1882ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಕಂಡುಹಿಡಿದನು. ಅದೇ ವರ್ಷ ಮೆಚ್ನಿಕಾಫ್ ಒಡೆಸ್ಸಾದ ಪ್ರಾಧ್ಯಾಪಕ ಹುದ್ದೆಯನ್ನು ತ್ಯಜಿಸಿ ಇಟಲಿಯ ಮೆಸ್ಸೀನಾ ಕಡಲತೀರವನ್ನು ಸೇರಿದನು. ಒಂದು ದಿನ ಮನೆಯವರೆಲ್ಲರೂ ಸರ್ಕಸ್ಸಿಗೆ ಹೋಗಿದ್ದರು. ಅವನೊಬ್ಬನೇ ಸೂಕ್ಷ್ಮದರ್ಶಕದಲ್ಲಿ ನಕ್ಷತ್ರಮೀನಿನ ಪಾರದರ್ಶಕವಾದ ಮರಿಯನ್ನು ನೋಡುತ್ತಿದ್ದನು. ಅದರೊಳಗೆ ಅಲೆದಾಡುವ ಕೋಶಗಳು ದೇಹವನ್ನು ಕಾಯುವ ಕಾವಲುಗಾರರಾಗಿರಬಹುದೇ ಎಂಬ ಯೋಚನೆ ಹೊಳೆಯಿತು. ತೋಟದ ಗುಲಾಬಿಯ ಮುಳ್ಳನ್ನು ತಂದು ಮರಿಯ ಮೈಗೆ ಚುಚ್ಚಿದನು. ಆ ರಾತ್ರಿ ಅವನಿಗೆ ನಿದ್ರೆ ಬರಲಿಲ್ಲ. ಬೆಳಗಾಗುವಷ್ಟರಲ್ಲಿ ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು!

ಇವೇ ಭಕ್ಷಕಕೋಶಗಳು. ರೋಗಾಣುವನ್ನು ನುಂಗಿ ಒಂದು ಪುಟ್ಟ ಚೀಲದೊಳಗೆ ಬಂಧಿಸುತ್ತವೆ. ಜೀರ್ಣರಸ ತುಂಬಿದ ಇನ್ನೊಂದು ಚೀಲವು ಬಂದು ಅದರೊಡನೆ ಕೂಡಿದಾಗ ರೋಗಾಣು ಕರಗಿಹೋಗುತ್ತದೆ. ರಕ್ತದ್ರವದ ಗುಣವೇ ನಮ್ಮನ್ನು ರಕ್ಷಿಸುತ್ತದೆಂದು ನಂಬಿದ್ದ ಪಂಡಿತರು ಇದನ್ನು ಒಪ್ಪಲಿಲ್ಲ. ಮೆಚ್ನಿಕಾಫ್ ಎದೆಗುಂದಲಿಲ್ಲ. 1888ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿ ವರ್ಷಗಟ್ಟಲೆ ಪ್ರಯೋಗಗಳಿಂದಲೇ ಉತ್ತರ ಕೊಟ್ಟನು. 1908ರ ನೊಬೆಲ್ ಪಾರಿತೋಷಕವು ಅವನಿಗೂ ರಕ್ತದ್ರವದ ಪಕ್ಷದ ಪಾಲ್ ಎರ್ಲಿಕ್‌ನಿಗೂ ಒಟ್ಟಿಗೆ ಸಂದಿತು. ಎರಡು ಪಕ್ಷಗಳಲ್ಲಿಯೂ ಸತ್ಯವಿತ್ತು.

ಆದರೆ ಕ್ಷಯದ ರೋಗಾಣು ಮಹಾ ಕಪಟಿ. ಚೀಲಗಳೆರಡೂ ಕೂಡದಂತೆ ತಡೆದು, ತನ್ನನ್ನು ನುಂಗಿದ ಕೋಶದಲ್ಲಿಯೇ ಮನೆಮಾಡಿಕೊಂಡು ಬೆಳೆಯಬಲ್ಲದು. ಕೋಶವೂ ಸುಮ್ಮನಿರುವುದಿಲ್ಲ. ರೋಗಾಣುವಿಗೆ ಮತ್ತೊಂದು ಪೊರೆಯನ್ನು ಸುತ್ತಿ ಜೀರ್ಣರಸದತ್ತ ಸಾಗಿಸಲು ಯತ್ನಿಸುತ್ತದೆ. ಕೆಲವೊಮ್ಮೆ ತಾನೇ ಸತ್ತು ಶತ್ರುವಿನ ಆಶ್ರಯವನ್ನು ಇಲ್ಲವಾಗಿಸುತ್ತದೆ. ಈ ಸಂಗತಿಗಳೆಲ್ಲ ತಿಳಿದದ್ದು ಅವನ ಕಾಲಾನಂತರ.

1911ರಲ್ಲಿ, ಅರುವತ್ತಾರರ ಇಳಿವಯಸ್ಸಿನಲ್ಲಿ, ಮೆಚ್ನಿಕಾಫ್ ಕ್ಷಯವನ್ನು ಅಭ್ಯಸಿಸಲು ರಷ್ಯಾದ ಕಾಲ್ಮಿಕ್ ಬಯಲುಸೀಮೆಗೆ ಹೊರಟನು. ತನ್ನ ಲುದ್ಮಿಲಾಳನ್ನು ಕಸಿದುಕೊಂಡ ರೋಗವದು. 1916ರಲ್ಲಿ ಅವನು ಪ್ಯಾರಿಸಿನಲ್ಲಿ ನಿಧನನಾದನು. ಅವನ ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇರಿಸಲಾಗಿದೆ. ಅವನು ತೋರಿಸಿಕೊಟ್ಟ ಕಾವಲುಗಾರರು ಇಂದಿಗೂ ನಮ್ಮೆಲ್ಲರ ಮೈಯಲ್ಲಿ ಎಚ್ಚರವಾಗಿದ್ದಾರೆ.