ಕೊಡಗಿನ ಗೌರಮ್ಮನ ಓರಗೆಯ ರಾಣಿ, ಸ್ತನ ಕ್ಯಾನ್ಸರ್ ಮತ್ತು ಎಂಆರ್‌ಐ

ಸ್ತನ ಕ್ಯಾನ್ಸರ್ ಈಗಿನ ಊಟ, ಮೊಬೈಲು, ಪ್ಲಾಸ್ಟಿಕ್‌ನಿಂದ ಹುಟ್ಟಿದ ಹೊಸ ಕಾಯಿಲೆ, ಹಿಂದಿನವರಿಗೆ ಅದು ಇರಲೇ ಇಲ್ಲ ಎಂಬ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದು ಸುಳ್ಳು. 120 ವರ್ಷಕ್ಕೂ ಹಿಂದೆ ತೀರಿಕೊಂಡ ರಾಣಿಯೊಬ್ಬರ ಬದುಕೇ ಇದಕ್ಕೆ ಸಾಕ್ಷಿ. ಅವರ ಕತೆಯನ್ನು ನಾವು ಕೊಡಗಿನಿಂದ ಶುರು ಮಾಡೋಣ.

ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಬ್ರಿಟಿಷರು 1834ರಲ್ಲಿ ಪಟ್ಟದಿಂದ ಇಳಿಸಿ ಕಾಶಿಗೆ ಕಳಿಸಿದರು. 1841ರಲ್ಲಿ ಹುಟ್ಟಿದ ಮಗಳು ಗೌರಮ್ಮನನ್ನು ಅರಸ 1852ರಲ್ಲಿ ಲಂಡನ್ನಿಗೆ ಕರೆದೊಯ್ದರು. ಅಲ್ಲಿ ಗೌರಮ್ಮನಿಗೆ ಕ್ರೈಸ್ತ ದೀಕ್ಷೆಯಾದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತಮ್ಮ ಹೆಸರನ್ನೂ ಕೊಟ್ಟರು. ಗೌರಮ್ಮ 1864ರಲ್ಲಿ, ಬರೀ 22 ವರ್ಷಕ್ಕೆ ತೀರಿಕೊಂಡರು.

ರಾಣಿಯ ಹಿರಿಯ ಮಗಳ ಹೆಸರೂ ವಿಕ್ಟೋರಿಯಾ. ಮನೆಯವರ ಬಾಯಲ್ಲಿ ವಿಕಿ. 1840ರ ನವೆಂಬರ್‌ನಲ್ಲಿ ಹುಟ್ಟಿದ ಅವರು ಗೌರಮ್ಮನಿಗಿಂತ ಕೆಲವೇ ತಿಂಗಳು ದೊಡ್ಡವರು. 17ನೇ ವಯಸ್ಸಿನಲ್ಲಿ ಪ್ರಷ್ಯದ ರಾಜಕುಮಾರ ಫ್ರೆಡ್ರಿಕ್‌ನನ್ನು ಮದುವೆಯಾಗಿ ಜರ್ಮನಿಗೆ ಹೋದರು. ಎಂಟು ಮಕ್ಕಳನ್ನು ಹೆತ್ತರು, ಇಬ್ಬರು ಗಂಡುಮಕ್ಕಳನ್ನು ಚಿಕ್ಕ ವಯಸ್ಸಿನಲ್ಲೇ ಕಳೆದುಕೊಂಡರು. ಹೆಣ್ಣುಮಕ್ಕಳ ಓದಿಗೆ, ದಾದಿಯರ ತರಬೇತಿಗೆ ದುಡಿದರು.

1887ರಲ್ಲಿ ಗಂಡನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಅದರ ಚೂರನ್ನು ತೆಗೆದು ಹೆಸರಾಂತ ವೈದ್ಯ ವಿರ್ಖೋ ಪರೀಕ್ಷಿಸಿದರು. ಆ ಚೂರಿನಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಆದರೆ ಅದು ಕ್ಯಾನ್ಸರೇ ಆಗಿತ್ತು. 1888ರಲ್ಲಿ ಚಕ್ರವರ್ತಿಯಾದ ಫ್ರೆಡ್ರಿಕ್ 99 ದಿನ ಆಳಿ ತೀರಿಕೊಂಡರು.

ಹತ್ತು ವರ್ಷ ಕಳೆದ ಮೇಲೆ ವಿಕಿಯವರಿಗೇ ಸ್ತನ ಕ್ಯಾನ್ಸರ್. 1899ರ ಹೊತ್ತಿಗೆ ಶಸ್ತ್ರಚಿಕಿತ್ಸೆಯ ಹಂತ ದಾಟಿತ್ತು. 1900ರಲ್ಲಿ ಅದು ಬೆನ್ನುಮೂಳೆಗೆ ಹರಡಿತು. ತಾಯಿ 1901ರ ಜನವರಿಯಲ್ಲಿ ತೀರಿಕೊಂಡಾಗ ಮಗಳೂ ಹಾಸಿಗೆ ಹಿಡಿದಿದ್ದರು. ಅದೇ ಆಗಸ್ಟ್ 5ರಂದು, 60ನೇ ವಯಸ್ಸಿನಲ್ಲಿ ವಿಕಿ ಕಣ್ಣುಮುಚ್ಚಿದರು. ಸಂಪತ್ತಿಗೆ, ವೈದ್ಯರಿಗೆ ಕೊರತೆ ಇರಲಿಲ್ಲ. ಒಳಗೆ ಏನಾಗುತ್ತಿದೆ ಎಂದು ನೋಡುವ ಕಣ್ಣು ಇರಲಿಲ್ಲ.

ಆಗ ಎಕ್ಸ್-ರೇ ಇರಲಿಲ್ಲವೇ?

ಇತ್ತು. ರಾಂಟ್ಜನ್ 1895ರಲ್ಲಿ ಜರ್ಮನಿಯಲ್ಲೇ ಅದನ್ನು ಕಂಡುಹಿಡಿದಿದ್ದರು. ಆದರೆ ಮೂಳೆ ಸಾಕಷ್ಟು ಸವೆದ ಮೇಲಷ್ಟೇ ಎಕ್ಸ್-ರೇಯಲ್ಲಿ ಕ್ಯಾನ್ಸರಿನ ಗುರುತು ಕಾಣುತ್ತದೆ. ಎಂಆರ್‌ಐ ಮೂಳೆಯೊಳಗಿನ ಮಜ್ಜೆಯನ್ನೇ ತೋರಿಸುವುದರಿಂದ ಬೇಗ ತಿಳಿಯುತ್ತದೆ.

ಎಂಆರ್‌ಐ ಮುಂದಿನದನ್ನು ಹೇಳುವುದು ಹೇಗೆ?

ನಮ್ಮ ಮೈಯಲ್ಲಿರುವ ನೀರಿನ ಹೈಡ್ರೋಜನ್ ಕಣಗಳನ್ನು ಬಲವಾದ ಅಯಸ್ಕಾಂತ ಮತ್ತು ರೇಡಿಯೋ ತರಂಗಗಳಿಂದ ಮಿಡಿಸಿ, ಆ ಮಿಡಿತದಿಂದ ಚಿತ್ರ ಕಟ್ಟುವುದೇ ಎಂಆರ್‌ಐ. ಇದರಲ್ಲಿ ಎಕ್ಸ್-ರೇ ವಿಕಿರಣವಿಲ್ಲ. ಸ್ತನದ ಸ್ಕ್ಯಾನಿಗೆ ಗ್ಯಾಡೊಲಿನಿಯಂ ಇರುವ ಔಷಧವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಕ್ಯಾನ್ಸರ್ ಗಡ್ಡೆ ತನಗೆ ಬೇಕಾದ ರಕ್ತನಾಳಗಳನ್ನು ಅವಸರದಲ್ಲಿ ಕಟ್ಟಿಕೊಂಡಿರುತ್ತದೆ. ಅವು ಸೋರುತ್ತವೆ. ಹಾಗಾಗಿ ಔಷಧ ಅಲ್ಲಿ ಬೇಗ ತುಂಬಿ ಗಡ್ಡೆ ಹೊಳೆಯುತ್ತದೆ.

ಶಸ್ತ್ರಚಿಕಿತ್ಸೆಗೆ ಮುಂಚೆ ಕೀಮೋ ಕೊಡುವಾಗ ಇದು ತುಂಬಾ ಉಪಯೋಗ. ಮೊದಲೊಮ್ಮೆ, ನಡುವೆ ಒಮ್ಮೆ ಸ್ಕ್ಯಾನ್ ಮಾಡಿ ಗಡ್ಡೆಯ ಗಾತ್ರ ಅಳೆಯುತ್ತಾರೆ. ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ ನಡೆಸಿದ ಐ-ಸ್ಪೈ ಅಧ್ಯಯನದಲ್ಲಿ, ಕೈಯಿಂದ ಮುಟ್ಟಿ ನೋಡುವುದಕ್ಕಿಂತ ಎಂಆರ್‌ಐ ಅಳತೆಯೇ ಕೀಮೋ ಹಿಡಿಯುತ್ತಿದೆಯೇ ಎಂಬುದನ್ನು ಚೆನ್ನಾಗಿ ಹೇಳಿತು. ಗಡ್ಡೆ ಚೆನ್ನಾಗಿ ಕರಗಿದವರಲ್ಲಿ ಕಾಯಿಲೆ ಮರಳುವ ಸಂಭವ ಸಾಮಾನ್ಯವಾಗಿ ಕಡಿಮೆ. ಕರಗದಿದ್ದರೆ ವೈದ್ಯರು ಚಿಕಿತ್ಸೆ ಬದಲಿಸುವ ಯೋಚನೆ ಮಾಡಬಹುದು.

ಹಾಗಾದರೆ ಎಲ್ಲರೂ ಎಂಆರ್‌ಐ ಮಾಡಿಸಬೇಕೇ?

ಬೇಡ. ಇದು ಸಂಭವವನ್ನು ಹೇಳುತ್ತದೆಯೇ ಹೊರತು ಭವಿಷ್ಯ ನುಡಿಯುವುದಿಲ್ಲ. ಕ್ಯಾನ್ಸರ್ ಅಲ್ಲದ ಗಂಟೂ ಕೆಲವೊಮ್ಮೆ ಹೊಳೆಯುತ್ತದೆ. ಬಯಾಪ್ಸಿ ಬೇಕೇ ಬೇಕು. ಸಾಮಾನ್ಯವಾಗಿ ಮೊದಲು ಮಾಡುವುದು ಮ್ಯಾಮೊಗ್ರಾಂ ಅಥವಾ ಅಲ್ಟ್ರಾಸೌಂಡ್. ಪೇಸ್‌ಮೇಕರ್ ಇದ್ದರೆ, ಮೂತ್ರಪಿಂಡದ ತೊಂದರೆ ಇದ್ದರೆ ಸ್ಕ್ಯಾನಿಗೆ ಮುಂಚೆಯೇ ಹೇಳಿ.

ಗಡ್ಡೆ ನೋಯದಿದ್ದರೆ ಭಯವಿಲ್ಲ ಎಂಬ ಮಾತನ್ನೂ ನಂಬಬೇಡಿ. ಸ್ತನ ಕ್ಯಾನ್ಸರಿನ ಗಡ್ಡೆ ಶುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ. ಮಡಿಕೇರಿಯಲ್ಲಿರಲಿ, ವಿರಾಜಪೇಟೆಯಲ್ಲಿರಲಿ, ತೋಟದ ಲೈನ್ ಮನೆಯಲ್ಲಿರಲಿ, ಹೊಸ ಗಂಟು ಕೈಗೆ ಸಿಕ್ಕರೆ ಕಾಫಿ ಕೊಯ್ಲು ಮುಗಿಯಲಿ ಎಂದು ಕಾಯಬೇಡಿ, ವೈದ್ಯರಿಗೆ ತೋರಿಸಿ. ವಿಕಿಯವರಿಗೆ ಇಲ್ಲದ ಅನುಕೂಲ ಇಂದು ನಮಗಿದೆ. ಬೇಗ ಹೋದರೆ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ. ಇದನ್ನು ನಿಮ್ಮ ಮನೆಯ ಗ್ರೂಪಿಗೂ ಕಳಿಸಿ.