ಅಗಸ್ತೀನನು ನಿತ್ಯಜೀವವನ್ನು ಅಪೇಕ್ಷಿಸಲು ಕಲಿತದ್ದು

ಸಾಯದೆ ಎಂದೆಂದಿಗೂ ಬದುಕಬೇಕೆಂಬ ಆಶೆಯು ಮನುಷ್ಯರಲ್ಲಿ ಬಹಳವಾಗಿದೆ. ಆದರೂ ಬೇನೆ, ಸಾಲ, ಮುಪ್ಪು ಇವುಗಳಿಂದ ಬಳಲಿದವರು ಈ ಬದುಕು ಸಾಕಾಯಿತೆಂದು ನಿಟ್ಟುಸಿರು ಬಿಡುವದನ್ನು ಪ್ರತಿಯೊಂದು ಹಳ್ಳಿಯಲ್ಲಿಯೂ ಕೇಳುತ್ತೇವೆ. ನಮ್ಮ ನೆರೆಯವರಲ್ಲಿ ಅನೇಕರು ಮತ್ತೆ ಮತ್ತೆ ಹುಟ್ಟಿಬರುವದನ್ನು ಭಾರವೆಂದೆಣಿಸಿ ಅದರಿಂದ ಬಿಡುಗಡೆಯನ್ನು ಹುಡುಕುತ್ತಾರೆ. ಹೀಗಿರಲು ನಿತ್ಯಜೀವವನ್ನು ನಾವು ಸುವಾರ್ತೆಯೆಂದು ಸಾರುವದೇಕೆ? ಕೊನೆಯಿಲ್ಲದ ಬದುಕು ಕೊನೆಯಿಲ್ಲದ ಬೇಸರವಾಗಲಾರದೋ? ಈ ಪ್ರಶ್ನೆಯನ್ನು ತನ್ನ ಜೀವಮಾನದಲ್ಲಿಯೇ ಅನುಭವಿಸಿ ಉತ್ತರ ಕಂಡವನು ಪೂರ್ವಕಾಲದ ಸಭೆಯ ಮಹಾ ಬೋಧಕನಾದ ಅಗಸ್ತೀನನು. ಸಭಾಸುಧಾರಕನಾದ ಲೂಥರನು ಇವನ ಹೆಸರನ್ನು ಧರಿಸಿದ ಸನ್ಯಾಸಿಗಳ ಸಂಘದಲ್ಲಿದ್ದು, ದೇವರ ಕೃಪೆಯ ವಿಷಯವಾಗಿ ಇವನ ಗ್ರಂಥಗಳಿಂದ ಬಹಳ ಕಲಿತನು.

ಅಗಸ್ತೀನನು ಕ್ರಿ. ಶ. 354ರಲ್ಲಿ ಉತ್ತರ ಆಫ್ರಿಕದ ತಗಸ್ತೆ ಎಂಬ ಚಿಕ್ಕ ಊರಿನಲ್ಲಿ ಹುಟ್ಟಿದನು. ಆ ಸ್ಥಳವು ಈಗಿನ ಅಲ್ಜೀರಿಯ ದೇಶದಲ್ಲಿದೆ. ಅವನ ತಂದೆಯಾದ ಪತ್ರಿಕ್ಯನು ಬಹುಕಾಲ ವಿಗ್ರಹಾರಾಧಕರ ಮತದಲ್ಲಿದ್ದು ಅಂತ್ಯಕಾಲದಲ್ಲಿ ಕ್ರಿಸ್ತನನ್ನು ನಂಬಿದನು. ತಾಯಿಯಾದ ಮೋನಿಕಳು ಪ್ರಾರ್ಥನಾಶೀಲಳಾದ ಕ್ರೈಸ್ತಳು. ಮಗನು ಬುದ್ಧಿವಂತನಾಗಿ ಕಾರ್ಥೇಜ್ ಪಟ್ಟಣದಲ್ಲಿ ವಿದ್ಯೆ ಕಲಿತನು. ಆದರೆ ತಾಯಿಯ ದೇವರನ್ನು ಬಿಟ್ಟು ಮಾನಿ ಎಂಬವನ ಮತವನ್ನು ಹಿಡಿದು, ಮದುವೆಯಿಲ್ಲದೆ ಒಬ್ಬ ಸ್ತ್ರೀಯೊಂದಿಗೆ ಬಾಳಿದನು. ಅವರಿಗೆ ಅದಿಯೋದಾತನೆಂಬ ಮಗನು ಹುಟ್ಟಿದನು.

ಅವನು ಯೌವನದಲ್ಲಿ ತಗಸ್ತೆಯಲ್ಲಿ ಪಾಠ ಹೇಳುತ್ತಿರುವಾಗ ಅವನಿಗೆ ಒಬ್ಬ ಪ್ರಾಣಸ್ನೇಹಿತನಿದ್ದನು. ಆ ಸ್ನೇಹಿತನು ಜ್ವರದಿಂದ ಪ್ರಜ್ಞೆತಪ್ಪಿ ಮಲಗಿದ್ದಾಗ ಮನೆಯವರು ಅವನಿಗೆ ದೀಕ್ಷಾಸ್ನಾನ ಮಾಡಿಸಿದರು. ಅವನು ಸ್ವಲ್ಪ ಚೇತರಿಸಿಕೊಂಡ ಮೇಲೆ ಅಗಸ್ತೀನನು ಆ ಸ್ನಾನವನ್ನು ಕುರಿತು ಹಾಸ್ಯಮಾಡಲು, ಸ್ನೇಹಿತನು ಅವನನ್ನು ಖಂಡಿತವಾಗಿ ಗದರಿಸಿದನು. ಕೆಲವು ದಿವಸಗಳಲ್ಲಿ ಜ್ವರವು ಮರುಕಳಿಸಿ ಸ್ನೇಹಿತನು ತೀರಿಕೊಂಡನು. ಆಗ ಅಗಸ್ತೀನನಿಗೆ ಹುಟ್ಟಿದ ಊರೇ ಸೆರೆಮನೆಯಂತಾಯಿತು. ಬದುಕುವದೂ ಬೇಸರ, ಸಾಯುವದೂ ಭಯ. ಈ ಎರಡರ ನಡುವೆ ಸಿಕ್ಕಿದವನಾಗಿ ಅವನು ಊರನ್ನು ಬಿಟ್ಟು ಮತ್ತೆ ಕಾರ್ಥೇಜಿಗೆ ಹೋದನು.

ಕ್ರಿ. ಶ. 384ರಲ್ಲಿ ಅವನು ಇಟಲಿಯ ಮಿಲಾನ್ ಪಟ್ಟಣದಲ್ಲಿ ವಾಕ್ಚಾತುರ್ಯವನ್ನು ಕಲಿಸುವ ಉಪಾಧ್ಯಾಯನಾದನು. ಅಲ್ಲಿ ಅವನು ಅಲಿಪ್ಯ, ನೆಬ್ರಿದ್ಯ ಎಂಬ ಸ್ನೇಹಿತರೊಂದಿಗೆ ಒಂದು ವಿಷಯವನ್ನು ಚರ್ಚಿಸುತ್ತಿದ್ದನು. ನಾವು ಸಾಯದವರಾಗಿ, ದೇಹಸುಖವನ್ನು ಕಳಕೊಳ್ಳುವ ಭಯವಿಲ್ಲದೆ ಸದಾಕಾಲ ಭೋಗಿಸುವಂತಾದರೆ, ಇನ್ನೇನು ಬೇಕು? ಇಂಥ ಬದುಕೇ ಪೂರ್ಣ ಭಾಗ್ಯವೆಂದು ಆಗ ಅವನಿಗೆ ತೋರಿತು. ತಾನು ಹೀಗೆ ಎಣಿಸಿದ್ದೇ ತನ್ನ ದೊಡ್ಡ ದುರವಸ್ಥೆಯಾಗಿತ್ತೆಂದು ಅವನು ಮುಂದೆ ತನ್ನ ಅರಿಕೆಗಳ ಗ್ರಂಥದಲ್ಲಿ ಒಪ್ಪಿಕೊಂಡನು. ಯಾಕಂದರೆ ರೋಗಿಗೆ ಆಯುಷ್ಯವನ್ನು ಮಾತ್ರ ಹೆಚ್ಚಿಸಿ ರೋಗವನ್ನು ಹಾಗೆಯೇ ಬಿಟ್ಟರೆ ಅದು ಉಪಕಾರವೇ? ಪಾಪದಲ್ಲಿರುವ ಹೃದಯಕ್ಕೆ ಸಾವಿಲ್ಲದಂತಾದರೆ ಅದರ ಬಾಯಾರಿಕೆಗೂ ಕೊನೆಯಿರದು.

ಆ ಪಟ್ಟಣದ ಸಭಾಧ್ಯಕ್ಷನಾದ ಅಂಬ್ರೋಸನ ಪ್ರಸಂಗಗಳು ಅವನ ಮನಸ್ಸನ್ನು ಮೆಲ್ಲಮೆಲ್ಲನೆ ತಿರುಗಿಸಿದವು. 386ರಲ್ಲಿ ಒಂದು ತೋಟದಲ್ಲಿ ಅವನು ಅಳುತ್ತಿರುವಾಗ, ತೆಗೆದುಕೊಂಡು ಓದೆಂದು ಹಾಡುವ ಒಂದು ಮಗುವಿನ ಸ್ವರವು ನೆರೆಮನೆಯ ಕಡೆಯಿಂದ ಕೇಳಿಬಂತು. ಅವನು ಪೌಲನ ಪತ್ರಿಕೆಗಳನ್ನು ತೆರೆದು, ರೋಮಾಪುರದವರಿಗೆ ಬರೆದದ್ದರ 13ನೆಯ ಅಧ್ಯಾಯದ ಕೊನೆಯ ಮಾತುಗಳನ್ನು ಓದಿ, ತನ್ನನ್ನು ಕರ್ತನಿಗೆ ಒಪ್ಪಿಸಿಕೊಟ್ಟನು. 387ರ ಪುನರುತ್ಥಾನದ ಹಬ್ಬದಲ್ಲಿ ಮಗನೊಂದಿಗೂ ಅಲಿಪ್ಯನೊಂದಿಗೂ ದೀಕ್ಷಾಸ್ನಾನ ಹೊಂದಿದನು.

ಅದೇ ವರುಷ ತಾಯಿಯೂ ಮಗನೂ ಸ್ವದೇಶಕ್ಕೆ ಹಡಗನ್ನು ಕಾಯುತ್ತಾ ಓಸ್ತಿಯ ಎಂಬ ರೇವಿನಲ್ಲಿ ಇಳುಕೊಂಡಿದ್ದರು. ಒಂದು ದಿನ ತೋಟದ ಕಡೆಗಿದ್ದ ಕಿಟಕಿಗೆ ಒರಗಿಕೊಂಡು, ದೇವಜನರ ನಿತ್ಯಜೀವವು ಎಂಥದಾಗಿರಬಹುದೆಂದು ಇಬ್ಬರೂ ಮಾತಾಡಿಕೊಂಡರು. ದೇಹದ ಅತ್ಯುತ್ತಮ ಸುಖವೂ ಅದಕ್ಕೆ ಹೋಲಿಸಲು ಯೋಗ್ಯವಲ್ಲವೆಂದು ಅವರಿಗೆ ಕಂಡಿತು. ಭೂಮಿ, ಆಕಾಶ, ತಮ್ಮ ಸ್ವಂತ ಆತ್ಮ ಇವೆಲ್ಲವುಗಳನ್ನು ಮನಸ್ಸಿನಲ್ಲಿ ದಾಟಿ, ಇವನ್ನೆಲ್ಲಾ ಉಂಟುಮಾಡಿದಾತನನ್ನು ಒಂದು ಕ್ಷಣ ಮುಟ್ಟಿದಂತಾಯಿತು. ಆ ಕ್ಷಣವೇ ಎಂದೆಂದಿಗೂ ನಿಲ್ಲುವದಾದರೆ ಅದೇ ನಿತ್ಯಜೀವವೆಂದು ಅವನು ತಿಳುಕೊಂಡನು. ಮಗನು ಕ್ರೈಸ್ತನಾದದ್ದನ್ನು ಕಂಡ ತಾಯಿಗೆ ಇನ್ನು ಈ ಲೋಕದಲ್ಲಿ ಅಪೇಕ್ಷಿಸುವಂಥದು ಯಾವದೂ ಉಳಿದಿರಲಿಲ್ಲ. ಸ್ವಲ್ಪ ದಿನಗಳೊಳಗೆ ಆಕೆಗೆ ಜ್ವರ ಬಂದು, ಒಂಬತ್ತನೆಯ ದಿನದಲ್ಲಿ 56ನೆಯ ವಯಸ್ಸಿನಲ್ಲಿ ನಿದ್ರೆಹೋದಳು. ಗಂಡನ ಬಳಿಯಲ್ಲಿ ಹೂಣಲ್ಪಡಬೇಕೆಂಬ ಹಳೇ ಆಶೆಯನ್ನು ಆಕೆ ಬಿಟ್ಟಿದ್ದಳು; ಯಾವ ಸ್ಥಳವೂ ದೇವರಿಗೆ ದೂರವಲ್ಲವೆಂಬದು ಆಕೆಯ ನಂಬಿಕೆ. ಅಗಸ್ತೀನನು ಮೊದಲು ಕಣ್ಣೀರನ್ನು ತಡಕೊಂಡನು, ಆಮೇಲೆ ಏಕಾಂತದಲ್ಲಿ ಅತ್ತನು. ಆದರೆ ಸ್ನೇಹಿತನು ಸತ್ತಾಗಿನ ಹಾಗೆ ನಿರೀಕ್ಷೆಯಿಲ್ಲದೆ ಅಳಲಿಲ್ಲ.

ಆಫ್ರಿಕಕ್ಕೆ ತಿರಿಗಿ ಬಂದ ಮೇಲೆ ಮಗನೂ ಎಳೆಯ ಪ್ರಾಯದಲ್ಲಿಯೇ ತೀರಿಕೊಂಡನು. 391ರಲ್ಲಿ ಅಗಸ್ತೀನನು ಹಿಪ್ಪೋ ಪಟ್ಟಣದ ಸಭೆಯ ಸೇವಕನಾಗಿ, ಕೆಲವು ವರುಷಗಳ ಮೇಲೆ ಅದರ ಸಭಾಧ್ಯಕ್ಷನಾದನು. 410ರಲ್ಲಿ ಗೋಥ ಜನರು ರೋಮಾಪುರವನ್ನು ಕೊಳ್ಳೆಹೊಡೆದಾಗ, ಹಳೇ ದೇವತೆಗಳನ್ನು ಬಿಟ್ಟದ್ದರಿಂದಲೇ ಈ ಕೇಡು ಬಂತೆಂದು ಅನೇಕರು ಕ್ರೈಸ್ತರ ಮೇಲೆ ತಪ್ಪು ಹೊರಿಸಿದರು. ಮಳೆ ತಪ್ಪಿದಾಗ ನಮ್ಮಲ್ಲಿಯೂ ಇಂಥ ಮಾತನ್ನು ಕೇಳಿದವರುಂಟು. ಇದಕ್ಕೆ ಉತ್ತರವಾಗಿ ಅವನು ದೇವರ ಪಟ್ಟಣವೆಂಬ 22 ಭಾಗಗಳ ಗ್ರಂಥವನ್ನು ಬರೆದನು.

ಆ ಗ್ರಂಥದಲ್ಲಿ, ಆತ್ಮಗಳು ಭಾಗ್ಯವನ್ನು ಹೊಂದಿದ ಮೇಲೆಯೂ ಮತ್ತೆ ಮತ್ತೆ ಕಷ್ಟಕ್ಕೆ ತಿರುಗಿ ಬರುವವೆಂಬ ಜ್ಞಾನಿಗಳ ಬೋಧೆಯನ್ನು ಅವನು ತಳ್ಳಿಬಿಟ್ಟನು. ಮುಂದೆ ಕಳಕೊಳ್ಳುವೆವೆಂದು ತಿಳಿದರೆ ಆ ಭಾಗ್ಯದಲ್ಲಿ ಭಯವಿರುವದು. ತಿಳಿಯದಿದ್ದರೆ ಅದು ಮೋಸದ ಭಾಗ್ಯ. ಆದದರಿಂದ ನಿಜವಾದ ಆನಂದವು ಕೊನೆಯಿಲ್ಲದ್ದೇ ಆಗಿರಬೇಕು. ಸದಾ ಸ್ತುತಿಸುತ್ತಿದ್ದರೆ ಬೇಸರವಾಗದೋ ಎಂಬ ಸಂಶಯವನ್ನು ಅವನು ತನ್ನ ಪ್ರಸಂಗದಲ್ಲಿ ತಾನೇ ಎತ್ತಿ ಉತ್ತರಕೊಟ್ಟನು. ಅಲ್ಲಿ ನಾವು ಸತ್ಯದಿಂದ ತೃಪ್ತರಾಗುವೆವು, ಆದರೂ ಆ ತೃಪ್ತಿ ನಮಗೆ ಸಾಕೆನಿಸದು. ಈ ಲೋಕದ ವಸ್ತುಗಳನ್ನು ನಾವು ಬೇಗನೆ ಮುಗಿಸಿಬಿಡುತ್ತೇವೆ. ಹೊಟ್ಟೆ ತುಂಬಿದ ಮೇಲೆ ಊಟವೇ ಬೇಡವಾಗುತ್ತದೆ. ದೇವರನ್ನೋ ಯಾರೂ ಮುಗಿಸಲಾರರು. ಬತ್ತದ ಬುಗ್ಗೆಯ ಬಳಿಯಲ್ಲಿರುವವನಿಗೆ ನೀರು ಹಳತಾಗುವದಿಲ್ಲ.

430ರಲ್ಲಿ ವಂದಾಲ ಜನರು ಹಿಪ್ಪೋವಿಗೆ ಮುತ್ತಿಗೆ ಹಾಕಿದರು. ಜನರಿಗೆ ಸೇವಕರು ಬೇಕಾಗಿರುವಾಗ ಸೇವಕರು ಮಂದೆಯನ್ನು ಬಿಟ್ಟು ಓಡಿಹೋಗಬಾರದೆಂದು ಕಲಿಸಿದ್ದ ಅಗಸ್ತೀನನು ತನ್ನ ಮಂದೆಯೊಂದಿಗೇ ಉಳಿದನು. ಪರಲೋಕವನ್ನು ಬಯಸಿದ್ದು ಅವನನ್ನು ಇಹಲೋಕದ ಕೆಲಸದಲ್ಲಿ ಮೈಗಳ್ಳನನ್ನಾಗಿ ಮಾಡಲಿಲ್ಲ. ಮುತ್ತಿಗೆಯ ಮೂರನೆಯ ತಿಂಗಳಲ್ಲಿ ಅವನಿಗೆ ಜ್ವರ ಹತ್ತಿತು. ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಯಿಸಿ ಎದುರಿನ ಗೋಡೆಗೆ ಹಚ್ಚಿಸಿ, ಅವುಗಳನ್ನು ಓದುತ್ತಾ ಕಣ್ಣೀರಿನಿಂದ ಪ್ರಾರ್ಥಿಸಿ, ಆಗಸ್ಟ್ 28ರಲ್ಲಿ ಕರ್ತನ ಬಳಿಗೆ ಸೇರಿದನು.

ಪ್ರಿಯ ವಾಚಕರೇ, ನಿತ್ಯಜೀವವೆಂಬದು ದಿನಗಳ ಲೆಕ್ಕವಾಗಿದ್ದರೆ ಅದನ್ನು ಭಾರವೆಂದವರ ಮಾತು ಸುಳ್ಳಲ್ಲ. ಅದು ದೇವರೊಂದಿಗಿರುವದೇ ಆಗಿರುವದರಿಂದ ಅದು ಅಪೇಕ್ಷಿಸತಕ್ಕದ್ದು. ಬದುಕು ಸಾಕೆನ್ನುವ ನೆರೆಯವನಿಗೆ ಇನ್ನೂ ಬಹುಕಾಲದ ಬದುಕನ್ನಲ್ಲ, ಯೇಸು ಕ್ರಿಸ್ತನನ್ನೇ ತೋರಿಸೋಣ. ಈಗಲೇ ಆತನ ಸಹವಾಸವು ನಮಗೆ ರುಚಿಯಾಗಿದೆಯೋ ಎಂದು ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳೋಣ.