ಕಿತ್ತೂರ ಚೆನ್ನಮ್ಮರಾಣಿಯ ಗೃಹಜೀವನ

ಕಿತ್ತೂರ ಚೆನ್ನಮ್ಮರಾಣಿಯೆಂದೊಡನೆ ಕನ್ನಡಿಗರ ಕಣ್ಣೆದುರು ಖಡ್ಗಧಾರಿಣಿಯಾದ ವೀರಮಾತೆಯ ಮೂರ್ತಿಯು ನಿಲ್ಲುವುದು. ಆ ವೀರಮಾತೆಯು ಮನೆಯೊಳಗೆ ಉಂಡ ದುಃಖವನ್ನು ಅರಿತವರು ವಿರಳ.

ಕಾಕತಿಯ ದೇಸಾಯರ ಮನೆತನದಲ್ಲಿ 1778ರಲ್ಲಿ ಜನಿಸಿದ ಈಕೆಯು ಮಲ್ಲಸರ್ಜ ದೇಸಾಯಿಯ ಕಿರಿಯ ರಾಣಿಯಾಗಿ ಕಿತ್ತೂರಿಗೆ ಬಂದಳು. ಹಿರಿಯ ರಾಣಿ ರುದ್ರಮ್ಮ. ಪೇಶ್ವೆಯ ಸೆರೆಯಲ್ಲಿ ನವೆದ ಪತಿಯು 1816ರಲ್ಲಿ ಲಿಂಗೈಕ್ಯನಾದನು. ಅನಂತರ ಪಟ್ಟವೇರಿದ ಸವತಿಯ ಮಗ ಶಿವಲಿಂಗರುದ್ರಸರ್ಜನೂ ರೋಗಪೀಡಿತನಾಗಿ, ಸಂತಾನವಿಲ್ಲದೆ, 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡನು. ಮರಣಕ್ಕೆ ಮುನ್ನ ಆತನು ದತ್ತು ಸ್ವೀಕರಿಸಿದ ಬಾಲಕನನ್ನು ಧಾರವಾಡದ ಕಲೆಕ್ಟರ ಥ್ಯಾಕರೆಯು ಮನ್ನಿಸದೆ ಹೋದುದೇ ಯುದ್ಧಕ್ಕೆ ಮೂಲವಾಯಿತು. ತನ್ನ ಬಸಿರಿನಲ್ಲಿ ಹುಟ್ಟದ ಮಗನು ದತ್ತು ಪಡೆದ ಮಗುವಿನ ಹಕ್ಕಿಗಾಗಿ ವಿಧವೆಯಾದ ರಾಣಿಯು ಕಂಪನಿಯನ್ನು ಎದುರಿಸಿ ನಿಂತಳು.

ಅಕ್ಟೋಬರ 23ರಂದು ಥ್ಯಾಕರೆಯು ಕಿತ್ತೂರಿನಲ್ಲಿ ಮಡಿದನು. ಡಿಸೆಂಬರಿನಲ್ಲಿ ಕೋಟೆಯು ಶತ್ರುವಶವಾಯಿತು. ರಣಕೀರ್ತಿಯ ಕಾಲವು ಎರಡು ತಿಂಗಳಿಗೂ ಕಡಿಮೆ. ಬೈಲಹೊಂಗಲದ ಸೆರೆವಾಸವು ನಾಲ್ಕು ವರ್ಷಗಳಿಗೂ ಮಿಕ್ಕುದು. ಅಲ್ಲಿಯೇ 1829ರ ಫೆಬ್ರುವರಿಯಲ್ಲಿ ಆಕೆಯು ಲಿಂಗೈಕ್ಯಳಾದಳು. ಆಕೆಯ ಸಮಾಧಿಯೂ ಅಲ್ಲಿಯೇ ಇರುವುದು.

ಪತಿ, ಪುತ್ರ, ರಾಜ್ಯ ಮೂರನ್ನೂ ಕಳೆದುಕೊಂಡು ಸೆರೆಮನೆಯಲ್ಲಿ ಸವೆಸಿದ ಆ ದಿನಗಳ ಧೈರ್ಯವು ರಣರಂಗದ ಧೈರ್ಯಕ್ಕಿಂತ ಕಿರಿದೆಂದು ಯಾರು ಹೇಳಬಲ್ಲರು?